ಪೂಜ್ಯಪಾದರ ತ್ರಿವಿಧ ಚಿಕಿತ್ಸೆ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯನ್ನು ನೆನೆದೊಡನೆ ಮಲೆಯ ಮಹದೇಶ್ವರನೂ ಬಿಳಿಗಿರಿರಂಗನೂ ಸ್ಮರಣೆಗೆ ಬರುವುದು ಸಹಜವೇ. ವೈದ್ಯವನ್ನೂ ಮನೋನಿಗ್ರಹವನ್ನೂ ಒಂದೇ ಬಾಳಿನಲ್ಲಿ ಹೊಂದಿಸಿಕೊಂಡ ಆಚಾರ್ಯ ಪೂಜ್ಯಪಾದರ ಹೆಸರೂ ಈ ಸೀಮೆಗೆ ಸೇರಿದುದೆಂಬುದನ್ನು ಮರೆಯಲಾಗದು.

ಇವರು ಸುಮಾರು 5ನೆಯ ಶತಮಾನದವರು. ತಂದೆ ಮಾಧವಭಟ್ಟ, ತಾಯಿ ಶ್ರೀದೇವಿ, ಹುಟ್ಟೂರು ಕೊಳ್ಳೆ ಎಂದು ಕಥಾಸಂಪ್ರದಾಯವು ಹೇಳುವುದು. ಆ ಕೊಳ್ಳೆಯೇ ಕೊಳ್ಳೇಗಾಲವೆಂಬ ನಂಬಿಕೆಯುಂಟು. ಮೊದಲ ಹೆಸರು ದೇವನಂದಿ. ಬುದ್ಧಿಯ ಹಿರಿಮೆಯಿಂದ ಜಿನೇಂದ್ರಬುದ್ಧಿ. ದೇವತೆಗಳಿಂದ ಪಾದಪೂಜೆಗೊಂಡು ಪೂಜ್ಯಪಾದ. ಹೀಗೆಂದು ಶ್ರವಣಬೆಳಗೊಳದ ಶಾಸನವು ಕೊಂಡಾಡುತ್ತದೆ. ಗಂಗರ ದುರ್ವಿನೀತನಿಗೆ ಗುರುಗಳಾಗಿದ್ದರೆಂಬ ಪ್ರತೀತಿಯೂ ಇದೆ.

ಜೈನೇಂದ್ರ ವ್ಯಾಕರಣದಿಂದ ಮಾತಿನ ದೋಷವನ್ನೂ, ವೈದ್ಯಶಾಸ್ತ್ರದಿಂದ ಮೈಯ ದೋಷವನ್ನೂ, ಸಮಾಧಿತಂತ್ರದಿಂದ ಮನಸ್ಸಿನ ದೋಷವನ್ನೂ ಕಳೆದವರೆಂಬುದು ಇವರ ಖ್ಯಾತಿ. ವೈದ್ಯಗ್ರಂಥವು ಇಂದು ಉಳಿದಿಲ್ಲ. ಆದರೂ ಉಗ್ರಾದಿತ್ಯನು ತನ್ನ ಕಲ್ಯಾಣಕಾರಕದಲ್ಲಿ ಕಣ್ಣು, ಕಿವಿ, ಮೂಗುಗಳ ರೋಗಗಳನ್ನು ಕುರಿತ ಶಾಲಾಕ್ಯತಂತ್ರಕ್ಕೆ ಪೂಜ್ಯಪಾದರನ್ನೇ ಪ್ರಮಾಣವಾಗಿ ಹೆಸರಿಸಿದ್ದಾನೆ. 12ನೆಯ ಶತಮಾನದ ಜಗದ್ದಳ ಸೋಮನಾಥನು ಅವರ ಕೃತಿಯನ್ನನುಸರಿಸಿ, ಮದ್ಯ ಮಾಂಸ ಮಧುಗಳನ್ನು ವರ್ಜಿಸಿದ ಚಿಕಿತ್ಸೆಯನ್ನು ಕನ್ನಡದಲ್ಲಿ ಬರೆದನು. 14ನೆಯ ಶತಮಾನದ ಮಂಗರಾಜನ ವಿಷವೈದ್ಯಗ್ರಂಥವಾದ ಖಗೇಂದ್ರಮಣಿದರ್ಪಣವೂ ಅವರಿಗೆ ಋಣಿಯಾದುದು.

ನೇತ್ರವೈದ್ಯಕ್ಕೆ ಪ್ರಮಾಣರಾದವರ ದೃಷ್ಟಿಯೇ ಒಮ್ಮೆ ನಷ್ಟವಾಯಿತೆಂದೂ, ಶಾಂತ್ಯಷ್ಟಕವನ್ನು ರಚಿಸಿ ಸ್ತುತಿಸಲು ಅದು ಮರಳಿತೆಂದೂ ಐತಿಹ್ಯ. ಇದನ್ನು ಕೇಳಿ ಔಷಧವನ್ನು ತೊರೆದು ಸ್ತೋತ್ರವೊಂದನ್ನೇ ಹಿಡಿಯಬೇಕೆಂದು ಬಗೆಯುವುದು ಸಲ್ಲದು. ಸ್ತೋತ್ರವೊಂದೇ ಸಾಕಾಗಿದ್ದರೆ ಶಾಲಾಕ್ಯತಂತ್ರದ ಅಗತ್ಯವೇನಿತ್ತು? ಉಟ್ಟ ಬಟ್ಟೆ ಹಳತಾದಾಗ ತಾನೇ ಹಳತಾದೆನೆಂದು ಎಣಿಸದಂತೆ, ದೇಹವು ಜೀರ್ಣವಾದಾಗ ಆತ್ಮವೂ ಜೀರ್ಣವಾಯಿತೆಂದು ವಿವೇಕಿಯು ಎಣಿಸನೆಂಬುದು ಸಮಾಧಿತಂತ್ರದ ಬೋಧೆ. ಅದು ರೋಗಿಯ ಅಳುಕಿಗೆ ಮದ್ದು. ರೋಗಕ್ಕೆ ಮದ್ದು ಬೇರೆ.

ಮಲೆಯೂರಿನ ಕನಕಗಿರಿಯಲ್ಲಿ ಅವರು ತಪಸ್ಸನ್ನಾಚರಿಸಿದರೆಂದು ಜೈನಸಂಪ್ರದಾಯವು ನಂಬುತ್ತದೆ.

ಈ ಚರಿತ್ರೆಯಿಂದ ನಮ್ಮ ಜನರು ಕಲಿಯತಕ್ಕುದು ಬಹಳವಿದೆ. ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆ, ಹಾವಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದು, ಇವು ಆಸ್ಪತ್ರೆಯಲ್ಲಿಯೇ ದೊರೆಯತಕ್ಕವು. ವಿಷದ ವಿಷಯದಲ್ಲಂತೂ ಕ್ಷಣಮಾತ್ರದ ವಿಳಂಬವೂ ಪ್ರಾಣಾಪಾಯ. ಅದರೊಡನೆ ಧ್ಯಾನವಿರಲಿ, ಪ್ರಾರ್ಥನೆಯಿರಲಿ, ಬೆಟ್ಟದ ಹರಕೆಯೂ ಇರಲಿ, ಅವು ಧೈರ್ಯವನ್ನೀಯುವುವು. ಕಷಾಯ, ಮೂಲಿಕೆಗಳನ್ನು ಸೇವಿಸುವವರು ಮಾತ್ರ ಅದನ್ನು ವೈದ್ಯರಿಂದ ಮರೆಮಾಚಬಾರದು. ಬೇರೆ ಔಷಧದೊಡನೆ ಕೂಡಿ ಕೆಡುಕನ್ನುಂಟುಮಾಡುವ ಮೂಲಿಕೆಗಳೂ ಉಂಟು. ಮೈಯ ಮದ್ದನ್ನು ಮೈಗೂ ಮನದ ಮದ್ದನ್ನು ಮನಕ್ಕೂ ಸಲ್ಲಿಸಿ, ಒಂದಕ್ಕಾಗಿ ಇನ್ನೊಂದನ್ನು ತೊರೆಯದಿರುವುದೇ ಆ ಮಹನೀಯರ ಮಾರ್ಗ.