ಜೊಹಾನ್ ವಿಲ್ಹೆಲ್ಮ್ ರಿಟ್ಟರ್

ವಿದ್ಯಾರ್ಥಿಗಳೇ, ಕ್ರೀಡೋತ್ಸವದ ದಿನ ಬಿಸಿಲಿಗೆ ಅಂಜಿ ಮುಖಕ್ಕೆ ಕ್ರೀಮು ಹಚ್ಚಿಕೊಂಡು ಬರುವವರು ನಿಮ್ಮಲ್ಲಿ ಹಲವರಿದ್ದೀರಿ. ಆ ಲೇಪವು ತಡೆಯುವ ಅತಿನೇರಳೆ ಕಿರಣಗಳು ಕಣ್ಣಿಗೆ ಕಾಣುವಂಥವಲ್ಲ. ಅವುಗಳ ಇರವನ್ನು ಮೊದಲು ತೋರಿಸಿಕೊಟ್ಟವನು ರಿಟ್ಟರ್.

ಅವನು 1776ರ ಡಿಸೆಂಬರ್ 16ರಂದು ಸೈಲೀಷಿಯದ ಸಾಮಿಟ್ಸ್ ಗ್ರಾಮದಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ಆ ಪ್ರದೇಶವು ಈಗ ಪೋಲೆಂಡಿಗೆ ಸೇರಿದೆ. ಎಳೆಯ ಪ್ರಾಯದಲ್ಲಿಯೇ ಔಷಧದಂಗಡಿಯೊಂದರಲ್ಲಿ ಕೆಲಸ ಕಲಿಯಲು ನಿಂತನು. ಲವಣ, ಆಮ್ಲಗಳ ಪರಿಚಯವು ಅಲ್ಲಿಯೇ ಆಯಿತು. 1796ರಲ್ಲಿ ಯೇನಾ ವಿಶ್ವವಿದ್ಯಾನಿಲಯವನ್ನು ಸೇರಿದನು.

1800ರಲ್ಲಿ ಇಂಗ್ಲೆಂಡಿನ ವಿಲಿಯಂ ಹರ್ಷೆಲನು ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಿಂದ ಬಣ್ಣಬಣ್ಣವಾಗಿ ಬಿಡಿಸಿ, ಕೆಂಪಿನ ಆಚೆ, ಏನೂ ಕಾಣದ ಎಡೆಯಲ್ಲಿ, ಉಷ್ಣಮಾಪಕದ ಪಾದರಸವು ಏರುವುದನ್ನು ಕಂಡನು. ಪ್ರಕೃತಿಯಲ್ಲಿ ಎಲ್ಲಕ್ಕೂ ಎದುರು ಜೋಡಿಯುಂಟೆಂಬುದು ರಿಟ್ಟರನ ದೃಢವಾದ ನಂಬಿಕೆ. ಕೆಂಪಿನ ಆಚೆ ಒಂದಿದ್ದರೆ ನೇರಳೆಯ ಆಚೆಗೂ ಒಂದಿರಲೇಬೇಕೆಂದು ಅವನು ತರ್ಕಿಸಿದನು. ಬೆಳಕಿಗೆ ಒಡೆದು ಕಪ್ಪಾಗುವ ಬೆಳ್ಳಿಯ ಕ್ಲೋರೈಡನ್ನು 1801ರಲ್ಲಿ ಕಾಗದಕ್ಕೆ ಬಳಿದು ಆ ಬಣ್ಣಗಳಿಗೆ ಒಡ್ಡಿದನು. ಕೆಂಪಿನಲ್ಲಿ ಅದು ಬಹು ನಿಧಾನವಾಗಿ, ನೇರಳೆಯಲ್ಲಿ ಬೇಗನೆ, ನೇರಳೆಯ ಆಚೆಗಿನ ಕತ್ತಲಲ್ಲಿ ಎಲ್ಲಕ್ಕಿಂತ ಬೇಗನೆ ಕಪ್ಪಾಯಿತು!

ರಿಟ್ಟರನಿಗೆ ಬೇಕಾಗಿದ್ದುದು ಬೆಳಕಿಗೆ ಕೆಡುವ ವಸ್ತು. ಇಂದು ಲೇಪ ತಯಾರಿಸುವವರಿಗೆ ಬೇಕಾದುದು ಆ ಕಿರಣಗಳನ್ನು ಹೀರಿಯೂ ಕೆಡದ ವಸ್ತು. ಸತುವಿನ ಆಕ್ಸೈಡೆಂಬ ಬಿಳಿಯ ಪುಡಿಯು ಬಿಸಿಲಿಗೆ ಕೆಡುವುದಿಲ್ಲ. ಅವೊಬೆನ್ಜೋನ್ ಎಂಬ ರಾಸಾಯನಿಕವು, ಚರ್ಮದ ಆಳಕ್ಕಿಳಿಯುವ ಕಿರಣಗಳನ್ನು ಚೆನ್ನಾಗಿ ಹೀರಿದರೂ, ಹೀರುತ್ತ ಹೀರುತ್ತ ತಾನೇ ಒಡೆಯುತ್ತದೆ. ಅದಕ್ಕೆ ಆಸರೆಯಾಗಿ ಆಕ್ಟೋಕ್ರೈಲೀನ್ ಮುಂತಾದುವನ್ನು ಬೆರೆಸುತ್ತಾರೆ. ಡಬ್ಬಿಯ ಮೇಲೆ 30 ಎಂದು ಮುದ್ರಿಸಿದ್ದರೆ, ಚರ್ಮವನ್ನು ಸುಟ್ಟು ಕೆಂಪಾಗಿಸುವ ಕಿರಣಗಳಲ್ಲಿ ಮೂವತ್ತರಲ್ಲೊಂದು ಪಾಲು ಮಾತ್ರ ಒಳಹೋಗುವುದೆಂದು ಅರ್ಥ. ಆದರೆ ಈ ಲೆಕ್ಕವು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗಿನದು. ತಿಲಕದಷ್ಟು ತೆಗೆದು ಮುಖವೆಲ್ಲ ಸವರಿ, ಬೆವರನ್ನು ಕರವಸ್ತ್ರದಿಂದ ಒರೆಸಿಕೊಳ್ಳುವ ನಮ್ಮ ಓಟಗಾರರಿಗೆ ಅದು ಹೇಗೆ ಸಲ್ಲೀತು?

ರಿಟ್ಟರನು ತನ್ನ ದೇಹವನ್ನು ಎಂದೂ ಕಾಪಾಡಿಕೊಳ್ಳಲಿಲ್ಲ. ವಿದ್ಯುತ್ತಿನ ಪರಿಣಾಮವನ್ನರಿಯಲು ತಂತಿಗಳನ್ನು ತನ್ನ ಕಣ್ಣಿಗೂ ನಾಲಗೆಗೂ ತಾಗಿಸಿಕೊಂಡನು. ಮುಂದೆ ಮ್ಯೂನಿಕ್ಕಿನ ವಿಜ್ಞಾನ ಅಕಾಡೆಮಿಯ ಸದಸ್ಯತ್ವ ದೊರೆಯಿತು. ಆದರೆ ನೆಲದೊಳಗಿನ ನೀರನ್ನೂ ಲೋಹವನ್ನೂ ಮೈಯರಿವಿನಿಂದಲೇ ಪತ್ತೆಹಚ್ಚುವೆನೆಂದವನೊಬ್ಬನನ್ನು ನಂಬಿ, ವಿದ್ವಾಂಸರ ವಿಶ್ವಾಸವನ್ನು ಕಳೆದುಕೊಂಡನು. ಕಿರಣವನ್ನು ಕಾಣಿಸಿದ ಅದೇ ಹಟದ ನಂಬುಗೆಯೇ ಇಲ್ಲಿ ಅವನನ್ನು ದಾರಿ ತಪ್ಪಿಸಿತೆಂದು ನನಗೆ ತೋರುತ್ತದೆ. ಬಡತನದಿಂದಲೂ ರೋಗದಿಂದಲೂ ಬಳಲಿ, 1810ರ ಜನವರಿ 23ರಂದು ಮ್ಯೂನಿಕ್ಕಿನಲ್ಲಿ ತೀರಿಕೊಂಡನು. ಆಗ ಅವನಿಗೆ 33 ವರ್ಷ.