ಕ್ರಾಂತಿಸಿಂಹ ನಾನಾ ಪಾಟೀಲರು: ಒಂದು ಸ್ಮರಣೆ

ಸಾಂಗಲಿ-ಮಿರಜದಲ್ಲಿ ನೆಲೆಸಿದ ನಾವು ಕನ್ನಡಿಗರು ನಾನಾ ಪಾಟೀಲರ ಹೆಸರನ್ನು ಮತ್ತೆ ಮತ್ತೆ ಕೇಳುತ್ತೇವೆ. ಅವರ ಬದುಕು ಮಾತ್ರ ನಮ್ಮಲ್ಲಿ ಅನೇಕರಿಗೆ ತಿಳಿಯದು. ಡಿಸೆಂಬರ್ 6 ಅವರ ಪುಣ್ಯತಿಥಿ. ಆ ನಿಮಿತ್ತ ಈ ಕಿರುಪರಿಚಯ.

ಅವರು ಹುಟ್ಟಿದ್ದು 1900ರ ಆಗಸ್ಟ್ 3ರಂದು; ವಾಳವಾ ತಾಲ್ಲೂಕಿನ ಯೇಡೆ ಮಚ್ಛಿಂದ್ರ ಅವರ ಊರು. ಆಗ ಅದು ಸಾತಾರಾ ಜಿಲ್ಲೆಗೆ ಸೇರಿತ್ತು. ಕೆಲವು ಕಾಲ ತಲಾಟಿಯಾಗಿದ್ದ ಅವರು 1930ರ ಕಾನೂನುಭಂಗ ಚಳವಳಿಯಲ್ಲಿ ನೌಕರಿ ಬಿಟ್ಟರು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ವಿಚಾರ ಅವರಲ್ಲಿ ಆಳವಾಗಿ ಬೇರೂರಿತ್ತು. ಹಲವು ಸಲ ಸೆರೆಮನೆಯನ್ನೂ ಕಂಡರು.

1942ರಲ್ಲಿ ಭೂಗತರಾದರು. ಜಿ.ಡಿ. ಬಾಪು ಲಾಡ್, ನಾಗನಾಥ ನಾಯಕವಾಡಿ ಮೊದಲಾದ ತರುಣರು ಜೊತೆಯಾದರು. 1943ರಿಂದ 1946ರವರೆಗೆ ಈ ಹಳ್ಳಿಗಳಲ್ಲಿ ಬ್ರಿಟಿಷರಿಗೆ ಎದುರಾಗಿ 'ಪ್ರತಿಸರ್ಕಾರ' ನಡೆಯಿತು. ಹಳ್ಳಿಯ ಜಗಳಗಳಿಗೆ ಜನರ ನ್ಯಾಯಾಲಯ, ಸಾಲಿಗರ ಮತ್ತು ದರೋಡೆಕೋರರ ಮೇಲೆ ಹಿಡಿತ, ಸೇಂದಿ-ಸಾರಾಯಿಗೆ ತಡೆ, ವರದಕ್ಷಿಣೆಯಿಲ್ಲದ ಸರಳ ಮದುವೆ, ಇವೆಲ್ಲ ಅದರ ಕೆಲಸಗಳು. ಕಾವಲಿಗೆ ತೂಫಾನ್ ಸೇನೆ ಇತ್ತು. ಶಿಕ್ಷೆಗಳು ಕಠಿಣವಾಗಿದ್ದವು, ಅದನ್ನೂ ಮರೆಮಾಚಬಾರದು. ಸರ್ಕಾರ ಎಷ್ಟು ಹುಡುಕಿದರೂ ನಾನಾ ಸಿಗಲಿಲ್ಲ. ರೈತರ ಮನೆಗಳೇ ಅವರಿಗೆ ಆಸರೆಯಾಗಿದ್ದವು.

ಇಲ್ಲೊಂದು ಹೋಲಿಕೆ ನಮಗೆ ಕುತೂಹಲ ತರುತ್ತದೆ. ಚೀನಾದಲ್ಲಿ 1921ರಲ್ಲಿ ಶಾಂಘೈ ನಗರದಲ್ಲಿ ಓದುಬರಹ ಬಲ್ಲ ಕೆಲವರು ಸೇರಿ ಕಮ್ಯುನಿಸ್ಟ್ ಪಕ್ಷ ಕಟ್ಟಿದರು. ರೈತರ ಹಳ್ಳಿಗಳಲ್ಲಿ ಅವರ ಆಡಳಿತ ಬಂದದ್ದು ಆಮೇಲೆ, 1931ರಲ್ಲಿ ಜಿಯಾಂಗ್ಸಿಯಲ್ಲಿ. ಅಲ್ಲಿ ಪಕ್ಷ ಮೊದಲು, ಹಳ್ಳಿ ನಂತರ. ನಾನಾ ಅವರ ಬದುಕಿನಲ್ಲಿ ಇದು ತಿರುವುಮುರುವು. ಹಳ್ಳಿಯ ಆಡಳಿತವನ್ನು ಮೊದಲು ನಡೆಸಿದರು, ಕಮ್ಯುನಿಸ್ಟ್ ಆದದ್ದು ಅನಂತರ. ಸ್ವಾತಂತ್ರ್ಯ ಬಂದರೂ ಬಡ ರೈತನ ಪಾಡು ಬದಲಾಗಲಿಲ್ಲವೆಂಬ ನೋವಿನಿಂದ ಕಾಂಗ್ರೆಸ್ ಬಿಟ್ಟು ಶೇತಕರಿ ಕಾಮಗಾರ ಪಕ್ಷ ಸೇರಿದರು, ಮುಂದೆ ಕಮ್ಯುನಿಸ್ಟ್ ಪಕ್ಷಕ್ಕೆ ಬಂದರು.

1957ರಲ್ಲಿ ಸಾತಾರಾದಿಂದ, 1967ರಲ್ಲಿ ಬೀಡದಿಂದ ಲೋಕಸಭೆಗೆ ಆಯ್ಕೆಯಾದರು. ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲಿ ಅವರು ಮುಂಚೂಣಿಯಲ್ಲಿದ್ದರು. ಗಡಿಯ ವಿಷಯದಲ್ಲಿ ನಮ್ಮ ನಿಲುವು ಬೇರೆ ಇರಬಹುದು. ಆದರೆ ದೆಹಲಿಯ ಸಂಸತ್ತಿನಲ್ಲಿ ತಾಯ್ನುಡಿ ಮರಾಠಿಯಲ್ಲೇ ಮಾತನಾಡಿದ ಅವರ ಅಭಿಮಾನವನ್ನು ಕನ್ನಡಿಗರಾದ ನಾವು ಚೆನ್ನಾಗಿ ಬಲ್ಲೆವು.

1976ರಲ್ಲಿ ಅವರು ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ವಾಳವಾದಲ್ಲಿ. ನಿಮ್ಮ ಮನೆಯ ಹಿರಿಯರಲ್ಲಿ ಆ ದಿನಗಳ ನೆನಪುಗಳಿದ್ದರೆ ದಯವಿಟ್ಟು ನಮಗೆ ಬರೆದು ಕಳುಹಿಸಿ.