ಸೂರ್ಯನ ಕಲೆ ಎಣಿಸಿದ ವುಲ್ಫ್

ಸೂರ್ಯನಲ್ಲಿ ಕಲೆ ಹೆಚ್ಚಾದ್ರೆ ಭೂಕಂಪ ಆಗುತ್ತಾ? ನಮ್ಮ ಹಾಸ್ಟೆಲ್ ಗ್ರೂಪಲ್ಲಿ ಓಡಾಡೋ ಈ ಪ್ರಶ್ನೆಯನ್ನು 1853ರಲ್ಲೇ ಎತ್ತಿದವರು ರುಡಾಲ್ಫ್ ವುಲ್ಫ್. 1816ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ಹತ್ತಿರ ಹುಟ್ಟಿ, ಮುಂದೆ ಅಲ್ಲಿನ ಪಾಲಿಟೆಕ್ನಿಕ್‌ನಲ್ಲಿ, ಅಂದ್ರೆ ಈಗಿನ ಇಟಿಎಚ್‌ನಲ್ಲಿ, ಮೇಷ್ಟ್ರಾದರು. ಎಣಿಸೋದು ಅವರಿಗೆ ಹುಚ್ಚು. ಸೂಜಿಯನ್ನು 5000 ಸಲ ಎಸೆದು ಪೈ ಬೆಲೆ 3.1596 ಅಂತ ತೆಗೆದರು. (ನಮಗೆ ಲ್ಯಾಬಲ್ಲಿ ಮೂರು ರೀಡಿಂಗ್ ತೆಗೆಯೋಕೇ ಬೇಜಾರು!) ಸೂರ್ಯಕಲೆ ಎಣಿಸೋಕೂ ಒಂದು ಸೂತ್ರ ಕಟ್ಟಿದರು: ಗುಂಪಿಗೆ 10, ಬಿಡಿ ಕಲೆಗೆ 1. ಹಳೇ ದಾಖಲೆ ಕೆದಕಿ ಸುಮಾರು 11 ವರ್ಷದ ಚಕ್ರ ಕಂಡರು. ಭೂಮಿಯ ಕಾಂತತೆಯ ಏರಿಳಿತವೂ ಅದಕ್ಕೆ ತಾಳೆಯಾಯ್ತು. ಹಾಗಾಗಿ ಭೂಕಂಪದ ಊಹೆ ಹುಚ್ಚಾಟವೇನಲ್ಲ. 1893ರಲ್ಲಿ ತೀರಿಕೊಂಡರು. 2013ರಲ್ಲಿ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಸೂರ್ಯಕಲೆಗಳ ಸಂಖ್ಯೆಯನ್ನೇ ಇಟ್ಟುಕೊಂಡು ಪರೀಕ್ಷಿಸಿದಾಗ ಭೂಕಂಪದ ಜತೆ ಗಟ್ಟಿ ಸಂಬಂಧವೇನೂ ಸಿಗಲಿಲ್ಲ. ವುಲ್ಫ್ ಶುರು ಮಾಡಿದ ಎಣಿಕೆ ಮಾತ್ರ ಇವತ್ತೂ ಬ್ರಸೆಲ್ಸ್‌ನಲ್ಲಿ ನಡೀತಿದೆ.